ಗೆಳತಿಗೆ ಕೊಟ್ಟ ಬೆನ್ನಿನ ಸೂಜಿ

ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಯಾರದೇ ಒಳ್ಳೆಯ ಸುದ್ದಿ ಬಂದರೂ ಮೊದಲು ಅಭಿನಂದನೆ ಹೇಳುವವಳು ನಾನೇ. ಇದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ. ಹೊರರೋಗಿಗಳನ್ನು ಒಳಗೆ ಕರೆಯುವ ಮೊದಲು ಚಹಾ ಕುಡಿಯುತ್ತ ಫೋನು ನೋಡುವ ಚಟ, ಅಷ್ಟೇ. ರಾಯಚೂರಿನಲ್ಲಿ ಜೊತೆಗೆ ಎಂಬಿಬಿಎಸ್ ಓದಿದವರು ಈಗ ದಿಕ್ಕಿಗೊಬ್ಬರಾಗಿದ್ದಾರೆ. ಒಬ್ಬ ಹೈದರಾಬಾದಿನಲ್ಲಿ ಹೃದಯದ ಡಾಕ್ಟರ್. ಇನ್ನೊಬ್ಬ ರಾಯಚೂರಿನಲ್ಲೇ ನರ್ಸಿಂಗ್ ಹೋಮ್ ಕಟ್ಟಿಸಿ, ಬೋರ್ಡಿನ ಮೇಲೆ ಆಸ್ಪತ್ರೆಯ ಹೆಸರಿಗಿಂತ ದೊಡ್ಡದಾಗಿ ತನ್ನ ಮುಖ ಹಾಕಿಸಿಕೊಂಡಿದ್ದಾನೆ. ಮೊದಲ ವರ್ಷ ಹೆಣ ಕೊಯ್ಯುವ ಕೋಣೆಯಲ್ಲಿ ದೊಪ್ಪನೆ ಬಿದ್ದು, ನಾವೆಲ್ಲ ಎತ್ತಿಕೊಂಡು ಹೊರಗೆ ತಂದಿದ್ದ ಹುಡುಗಿ ಈಗ ಶವಪರೀಕ್ಷೆಯ ವಿಭಾಗದಲ್ಲೇ ಪ್ರೊಫೆಸರ್ ಆಗಿದ್ದಾಳೆ.

ಪಿ.ಜಿ. ಸೀಟು, ಮದುವೆ, ಗೃಹಪ್ರವೇಶ, ಹೊಸ ಕಾರು, ಎಲ್ಲಕ್ಕೂ ಗುಂಪಿನಲ್ಲಿ ಒಂದೇ ಹೂಗುಚ್ಛದ ಚಿತ್ರ ಓಡಾಡುತ್ತದೆ. ನಾನು ಹಾಕಿದ ಸುದ್ದಿಗಳು ಕಡಿಮೆ. ಮದುವೆಯಾದದ್ದು ಹಾಕಿದ್ದೆ, ಮಗಳು ಹುಟ್ಟಿದ್ದು ಹಾಕಿದ್ದೆ. ಪಿ.ಜಿ. ಸೀಟಿನ ಸುದ್ದಿ ಹಾಕುವ ಯೋಗ ಮಾತ್ರ ಬರಲಿಲ್ಲ. ಪರೀಕ್ಷೆ ಬರೆದೆ, ಮತ್ತೆ ಬರೆದೆ, ಪುಸ್ತಕಗಳ ಬೆನ್ನು ಕಿತ್ತುಹೋಗುವವರೆಗೆ ಓದಿದೆ. ಕೊನೆಗೆ ಒಂದು ದಿನ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿ, ದೇವದುರ್ಗ ತಾಲೂಕಿನ ಒಂದು ಸರ್ಕಾರಿ ಆಸ್ಪತ್ರೆಗೆ ಕೆಲಸಕ್ಕೆ ಸೇರಿದೆ. ಸೇರಿದ ದಿನ ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಅಳು ಬರಬಹುದು ಅಂದುಕೊಂಡಿದ್ದೆ. ನಿದ್ದೆ ಬಂತು.

ಮದುವೆ ಮುಂಜಿಗಳಲ್ಲಿ ಸಿಕ್ಕವರು ಕೇಳುತ್ತಾರೆ, "ಯಾವುದರ ಡಾಕ್ಟರ್ ನೀವು? ಬರೀ ಎಂಬಿಬಿಎಸ್ ಏನು?" ಮೊದಲೆಲ್ಲ ಆ 'ಬರೀ' ಅನ್ನುವುದು ಚುಚ್ಚುತ್ತಿತ್ತು. ನನ್ನ ಅಜ್ಜಿ ಚಂದ್ರಬಂಡದಲ್ಲಿ ಬೇರೆಯವರ ಹೊಲದಲ್ಲಿ ಕಳೆ ತೆಗೆದು ಅಪ್ಪನನ್ನು ಮಾಸ್ತರನನ್ನಾಗಿ ಮಾಡಿದವಳು. ಅವಳ ಮುಂದೆ ಒಮ್ಮೆ ಈ ಸಂಕಟ ತೋಡಿಕೊಂಡೆ. ಅಜ್ಜಿ ಎಲೆ ಅಡಿಕೆ ಅಗಿಯುತ್ತ, "ಸೂಜಿ ಮಾಡಾಕ ಬರ್ತದಿಲ್ಲೋ ನಿನಗ?" ಅಂದಳು. ಬರ್ತದ ಅಂದೆ. "ಮತ್ತ ಇನ್ನೇನ್ ಬೇಕು ಬಿಡು," ಅಂದು ಮಾತು ಮುಗಿಸಿದಳು.

ಸೂಜಿ ಮಾಡುವುದೇ ಕೊನೆಗೆ ನನ್ನ ಕಸುಬಾಯಿತು. ನಮ್ಮಂಥ ಆಸ್ಪತ್ರೆಗಳಲ್ಲಿ ಅರಿವಳಿಕೆ ತಜ್ಞರು ಸಿಗುವುದಿಲ್ಲ. ಹೆರಿಗೆ ಕಷ್ಟವಾಗಿ ತುರ್ತಾಗಿ ಸಿಸೇರಿಯನ್ ಮಾಡಬೇಕೆಂದರೆ ಯಾರಾದರೂ ಅರಿವಳಿಕೆ ಕೊಡಲೇಬೇಕು. ಅದಕ್ಕೆಂದೇ ನಮ್ಮಂಥ ಎಂಬಿಬಿಎಸ್ ಡಾಕ್ಟರುಗಳಿಗೆ ಕೆಲವು ತಿಂಗಳ ತರಬೇತಿ ಕೊಡುತ್ತಾರೆ. ನಾನು ಹೋಗಿ ಕಲಿತು ಬಂದೆ. ಗರ್ಭಿಣಿಯ ಬೆನ್ನುಹುರಿಯ ಪೊರೆಯೊಳಗೆ ತೆಳ್ಳಗಿನ ಸೂಜಿ ಇಳಿಸಿ, ಎದೆಯ ಕೆಳಗೆಲ್ಲ ಮರಗಟ್ಟುವಂತೆ ಔಷಧಿ ಕೊಡುವುದು ನನ್ನ ಕೆಲಸ.

ಈ ಕೆಲಸದಲ್ಲಿ ಕೈಗಿಂತ ಬಾಯಿ ಮುಖ್ಯ ಎಂದು ನನಗೆ ಬೇಗನೆ ಗೊತ್ತಾಯಿತು. ಹೆದರಿದ ಹೆಂಗಸು ಬೆನ್ನು ಸೆಟೆಸಿ ಕೂರುತ್ತಾಳೆ. ಸೆಟೆದ ಬೆನ್ನಿನಲ್ಲಿ ಮೂಳೆಗಳ ನಡುವಿನ ಸಂದು ಮುಚ್ಚಿಹೋಗುತ್ತದೆ, ಸೂಜಿಗೆ ದಾರಿ ಸಿಗುವುದಿಲ್ಲ. ಹಾಗಾಗಿ ನಾನು ಸ್ಟೂಲ್ ಎಳೆದುಕೊಂಡು ಅವಳ ಬೆನ್ನ ಹಿಂದೆ ಕುಳಿತ ಕ್ಷಣದಿಂದ ಹರಟೆ ಶುರು ಮಾಡುತ್ತೇನೆ. ಯಾವ ಊರು, ಗಬ್ಬೂರಾ ಜಾಲಹಳ್ಳಿಯಾ, ಅತ್ತೆ ಒಳ್ಳೆಯವಳೋ ಕೆಟ್ಟವಳೋ, ನಿನ್ನೆ ಏನು ಅಡಿಗೆ. ಅಡಿಗೆಯ ಮಾತು ಬಂದರೆ ಎಂಥ ಹೆಂಗಸೂ ಬಾಗಿ ಕೂರುತ್ತಾಳೆ. ಪುಂಡಿಪಲ್ಯಕ್ಕೆ ಜೋಳದ ನುಚ್ಚು ಯಾವಾಗ ಹಾಕಬೇಕೆಂದು ಅವಳು ನನಗೆ ಕಲಿಸುವಷ್ಟರಲ್ಲಿ ಸೂಜಿ ಒಳಗೆ ಹೋಗಿರುತ್ತದೆ. ಹೀಗೆ ನಾನು ಎಷ್ಟೋ ಊರಿನ ಅಡಿಗೆ ಕಲಿತಿದ್ದೇನೆ. ಮನೆಯಲ್ಲಿ ಮಾಡುವವರು ಮಾತ್ರ ಹೈಸ್ಕೂಲ್ ಮಾಸ್ತರರಾದ ನನ್ನ ಗಂಡ.

ನಾನು ಸೇರಿ ಕೆಲವು ವರ್ಷಗಳಾದ ಮೇಲೆ ಅದೇ ಆಸ್ಪತ್ರೆಗೆ ಹೆರಿಗೆ ಡಾಕ್ಟರಾಗಿ ನನ್ನ ಗೆಳತಿ ಬಂದಳು. ರಾಯಚೂರಿನ ಹಾಸ್ಟೆಲಿನಲ್ಲಿ ಓದುವಷ್ಟು ಕಾಲವೂ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವಳದು ಮಾನ್ವಿ. ಅವಳ ತಂದೆಗೆ ಬಜಾರಿನಲ್ಲಿ ಬಟ್ಟೆ ಅಂಗಡಿ, ಮನೆಯಲ್ಲಿ ದಖನಿ ಉರ್ದು ಮಾತು. ರಜೆಯಲ್ಲಿ ನಾನು ಅವರ ಮನೆಗೆ ಹೋಗಿ ದಖನಿ ಮಾತಾಡಲು ಹೊರಟರೆ ಅವಳ ಅಮ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಅವಳಿಗೆ ಮೊದಲ ಸಲಕ್ಕೇ ಪಿ.ಜಿ. ಸೀಟು ಸಿಕ್ಕಿತ್ತು. ನನಗೆ ಹೊಟ್ಟೆಕಿಚ್ಚು ಆಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆಗಿತ್ತು, ಆದರೆ ಅವಳು ಬಿಟ್ಟುಹೋದ ಖಾಲಿ ಮಂಚ ನೋಡಿ ಆದ ಬೇಸರ ಅದಕ್ಕಿಂತ ದೊಡ್ಡದಿತ್ತು.

ಕೆಲಸಕ್ಕೆ ಸೇರಿದ ದಿನವೇ ಅವಳು ಅಪರೇಷನ್ ಕೋಣೆಯ ಬಾಗಿಲಲ್ಲಿ ನಿಂತು, "ಲೇ, ನೀ ಚುಚ್ಚು, ನಾ ಕೊಯ್ತೀನಿ. ಊರ ಮಂದಿ ನಮ್ಮಿಬ್ಬರನ್ನ ನೋಡಿ ಓಡಬೇಕು," ಅಂದಳು. ಊರ ಮಂದಿ ಓಡಲಿಲ್ಲ, ಬಂದರು. ಅಲ್ಲಿಂದ ಮುಂದೆ ನಾನು ಹೆಂಗಸರ ತಲೆಯ ಕಡೆ, ಅವಳು ಹೊಟ್ಟೆಯ ಕಡೆ, ನಡುವೆ ಒಂದು ಹಸಿರು ಪರದೆ. ಆ ಪರದೆಯ ಮೇಲಿನಿಂದಲೇ ನಮ್ಮ ಸಂಸಾರದ ಸುದ್ದಿಯೆಲ್ಲ ವಿನಿಮಯವಾಗುತ್ತಿತ್ತು. ನನ್ನ ಬದುಕಿನ ಒಳ್ಳೆಯ ವರ್ಷಗಳನ್ನು ಆರಿಸು ಎಂದರೆ ನಾನು ಅವನ್ನೇ ಆರಿಸುತ್ತೇನೆ.

ಒಂದು ವಿಷಯ ಮಾತ್ರ ಆ ಪರದೆಯ ಮೇಲಿನಿಂದ ಬರುತ್ತಿರಲಿಲ್ಲ. ಅವಳಿಗೆ ಮದುವೆಯಾಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಗಂಡನಿಗೆ ಮಾನ್ವಿಯಲ್ಲಿ ಔಷಧಿ ಅಂಗಡಿ. ತಣ್ಣಗಿನ ಮನುಷ್ಯ, ಒಂದು ಮಾತು ಆಡಿದವನಲ್ಲ. ಆಡುವವರು ಬೇರೆ ಇದ್ದರು. ಹೆರಿಗೆಯಾದ ಹೆಂಗಸರೇ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು, "ನಿಮಗೆಷ್ಟು ಮಕ್ಕಳ್ರಿ ಡಾಕ್ಟರಮ್ಮ?" ಎಂದು ಕೇಳುತ್ತಿದ್ದರು. ಅವಳು, "ನೀವೆಲ್ಲ ಹಡೀತೀರಲ್ಲ, ಸಾಕು," ಎಂದು ನಗಿಸಿ ಮುಂದಿನ ಮಂಚಕ್ಕೆ ಹೋಗುತ್ತಿದ್ದಳು. ಚಿಕಿತ್ಸೆಗೆಂದು ಹೈದರಾಬಾದಿಗೆ ಹೋಗಿ ಬಂದ ದಿನಗಳಲ್ಲಿ ಅವಳು ಮಾತಾಡದೆ ಕೈ ತೊಳೆಯುತ್ತಿದ್ದಳು. ಬಹಳ ಹೊತ್ತು ತೊಳೆಯುತ್ತಿದ್ದಳು.

ಹಾಗಿರುವಾಗ ಅವಳಿಗೆ ದಿನ ನಿಂತಿತು. ಇಂಥ ಸುದ್ದಿಯನ್ನು ಅವಳು ಬ್ಯಾಚಿನ ಗುಂಪಿಗೆ ಹಾಕಲಿಲ್ಲ, ನನಗೂ ಹೇಳಲಿಲ್ಲ. ಅಪರೇಷನ್ ಕೋಣೆಯಿಂದ ಎರಡು ಸಲ ಹೊರಗೆ ಓಡಿ ವಾಂತಿ ಮಾಡಿ ಬಂದಾಗ ನಾನೇ ಪರದೆಯ ಮೇಲಿನಿಂದ ಅವಳ ಮುಖ ನೋಡಿದೆ. ಅವಳು ಮಾಸ್ಕಿನ ಮೇಲೆ ಕಣ್ಣು ಕಿರಿದು ಮಾಡಿ, "ಬಾಯಿ ಬಿಟ್ಟಿ ಅಂದ್ರ ಕೊಂದೇ ಬಿಡ್ತೀನಿ," ಅಂದಳು. ಬಾಯಿ ಬಿಡಲಿಲ್ಲ.

ಕೊನೆಯ ತಿಂಗಳಿಗೆ ಬಂದರೂ ಮಗು ತಲೆ ಕೆಳಗೆ ಮಾಡಿರಲಿಲ್ಲ, ಕಾಲು ಕೆಳಗಿಟ್ಟು ಕುಳಿತಿತ್ತು. ರಾಯಚೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸಿಸೇರಿಯನ್ನಿಗೆ ದಿನ ನಿಗದಿಯಾಯಿತು. ಅಲ್ಲಿ ತಜ್ಞರಿದ್ದರು, ಮಕ್ಕಳ ವಿಭಾಗವಿತ್ತು, ಎಲ್ಲ ಇತ್ತು. ನನಗೂ ಸಮಾಧಾನವಾಯಿತು. ನಮ್ಮ ಡಾಕ್ಟರುಗಳಲ್ಲಿ ಒಂದು ನಂಬಿಕೆಯಿದೆ. ಪುಸ್ತಕದಲ್ಲಿ ಇರುವ ಎಲ್ಲ ತೊಡಕುಗಳೂ ಡಾಕ್ಟರುಗಳಿಗೆ ಮತ್ತು ಅವರ ಮನೆಯವರಿಗೇ ಆಗುತ್ತವಂತೆ. ಇದು ಮೂಢನಂಬಿಕೆಯಲ್ಲ. ತಮ್ಮವರು ಎಂದ ಕೂಡಲೇ ನಾವು ದಿನಾ ಮಾಡುವಂತೆ ಮಾಡುವುದಿಲ್ಲ. ಹೆಚ್ಚು ಕಾಳಜಿ ಮಾಡಲು ಹೋಗಿ ಕ್ರಮ ತಪ್ಪಿಸುತ್ತೇವೆ. ಹಾಗಾಗಿ ಅವಳ ಬೆನ್ನಿಗೆ ಸೂಜಿ ಕೊಡುವವರು ಅವಳನ್ನು ಅರಿಯದ ಯಾರೋ ಆಗಿದ್ದರೇ ಒಳ್ಳೆಯದು ಎಂದುಕೊಂಡಿದ್ದೆ.

ಅವಳಾದರೋ ರಜೆ ಹಾಕದೆ ಕೆಲಸಕ್ಕೆ ಬರುತ್ತಲೇ ಇದ್ದಳು. ಜೊತೆಗಿರಲೆಂದು ಅಮ್ಮಿ ಮಾನ್ವಿಯಿಂದ ಬಂದು ಅವಳ ಕ್ವಾರ್ಟರ್ಸಿನಲ್ಲಿ ಉಳಿದಿದ್ದರು. ನಿಗದಿಯಾದ ದಿನಕ್ಕೆ ಇನ್ನೂ ಒಂದು ವಾರವಿರುವಾಗ, ಗರ್ಭಿಣಿಯರ ತಪಾಸಣೆಯ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳು ನನ್ನ ಕೋಣೆಗೆ ಬಂದು ಬಾಗಿಲು ಹಿಡಿದು ನಿಂತಳು.

"ನೀರು ಹೋಗಾಕತ್ತಾವ," ಅಂದಳು.

"ಯಾವಾಗಿಂದ?"

"ಆಗಲೇ. ಅರಕೇರಾದಾಕಿ ಒಬ್ಬಾಕಿ ಉಳದಿದ್ಳು, ಆಕಿನ್ನ ನೋಡಿ ಮುಗಿಸಿ ಬಂದೆ."

ನನಗೆ ಸಿಟ್ಟು ಬಂತು, ಕೈ ಹಿಡಿದು ಮಲಗಿಸಿದೆ. ಆಸ್ಪತ್ರೆಯ ಇನ್ನೊಬ್ಬ ಹೆರಿಗೆ ಡಾಕ್ಟರ್ ವಯಸ್ಸಾದವರು; ನಾವು ಅವರನ್ನು ಸರ್ ಅನ್ನುತ್ತಿದ್ದೆವು. ಸರ್ ಬಂದು ಪರೀಕ್ಷೆ ಮಾಡಿ ನನ್ನನ್ನು ಪಕ್ಕಕ್ಕೆ ಕರೆದರು. ನೋವು ಶುರುವಾಗಿತ್ತು. ನೀರು ಒಡೆದು, ಮಗುವಿನ ಕಾಲು ಕೆಳಗಿದ್ದರೆ ಹೊಕ್ಕುಳಬಳ್ಳಿ ಜಾರಿ ಹೊರಗೆ ಬರಬಹುದು. ಬಂದರೆ ಮಗು ಉಳಿಯುವುದು ಕಷ್ಟ. ರಾಯಚೂರಿನ ದಾರಿಯಲ್ಲಿ, ಆಂಬುಲೆನ್ಸಿನಲ್ಲಿ ಹಾಗಾದರೆ ಯಾರೂ ಏನೂ ಮಾಡಲಾಗುವುದಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದ ಅವಳ ಗಂಡ ನನಗೆ ಫೋನು ಮಾಡಿದ. "ಅಕ್ಕಾರ, ರಾಯಚೂರಾಗ ಎಲ್ಲಾ ತಯಾರದ ಅಂತ್ರಿ. ಕಳಸ್ತೀರೇನ್ರಿ?" ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಮಲಗಿದ್ದಲ್ಲಿಂದಲೇ ಕೈ ಚಾಚಿ ಫೋನು ಕಸಿದುಕೊಂಡಳು. ದಖನಿಯಲ್ಲಿ ಎರಡೇ ಮಾತು ಹೇಳಿ, ಫೋನು ನನಗೆ ವಾಪಸು ಕೊಟ್ಟಳು. "ಇಲ್ಲೇ. ಸರ್ ಕೊಯ್ಲಿ, ನೀ ಸೂಜಿ ಕೊಡು."

ಅವಳು ಯಾವಾಗ ಊಟ ಮಾಡಿದ್ದಾಳೆಂದು ಕೇಳಿದೆ. ಬರುವ ಮೊದಲು ಅಮ್ಮಿಯ ಕೈಯ ಖಿಚಡಿ ತಿಂದಿದ್ದಳು, ಅದೂ ಹೊಟ್ಟೆ ತುಂಬ. ಹೊಟ್ಟೆ ತುಂಬಿದವರನ್ನು ಪೂರ್ತಿ ಎಚ್ಚರ ತಪ್ಪಿಸಿ ಮಲಗಿಸುವುದು ಅಪಾಯ. ತಿಂದದ್ದು ಶ್ವಾಸಕೋಶಕ್ಕೆ ಹೋಗಬಹುದು. ಅಂದರೆ ಬೆನ್ನಿನ ಸೂಜಿಯೇ ಆಗಬೇಕು, ಮತ್ತು ಅದನ್ನು ನಾನೇ ಕೊಡಬೇಕು. ಅಪರೇಷನ್ ಕೋಣೆಯ ಬಾಗಿಲಲ್ಲಿ ಅಮ್ಮಿ ನನ್ನ ಗಲ್ಲ ಮುಟ್ಟಿ, "ಬೇಟಾ, ಮೇರಿ ಬಚ್ಚೀ ಕು ಸಂಭಾಲೋ," ಅಂದರು. ಮಗಳನ್ನು ನೋಡಿಕೋ ಅನ್ನುವ ಆ ಮಾತಿಗೆ ನಾನು ಹೂಂ ಅಂದೆ.

ಒಳಗೆ ಹೋದರೆ ಸಿಸ್ಟರ್ ತಮ್ಮ ಪ್ರೀತಿಯನ್ನೆಲ್ಲ ಹರಡಿ ಇಟ್ಟಿದ್ದರು. ನಮ್ಮ ಮೇಡಂ ಅಂತ ಹೊಸ ಬಟ್ಟೆ, ಹೊಸ ಟ್ರೇ. ದಿನಾ ಬಲಕ್ಕಿರುವುದು ಎಡಕ್ಕೆ, ಎಡಕ್ಕಿರುವುದು ಇನ್ನೆಲ್ಲೋ. ನಾನೂ ಕಡಿಮೆಯೇನಲ್ಲ. ದಿನಾ ಸ್ಟೂಲ್ ಮೇಲೆ ಕೂರುವವಳು ಅಂದು ನಿಂತೇ ಕೊಡುತ್ತೇನೆ ಅಂದೆ. ಗೌರವಕ್ಕೆ ನಿಂತೆನೋ ಭಯಕ್ಕೆ ನಿಂತೆನೋ ಗೊತ್ತಿಲ್ಲ. ಪರೀಕ್ಷೆಗೆ ನಿಂತ ವಿದ್ಯಾರ್ಥಿಯ ಹಾಗೆ, "ದಯವಿಟ್ಟು ಸ್ವಲ್ಪ ಮುಂದಕ್ಕೆ ಬಾಗಿ," ಅಂದೆ. ಹದಿನೆಂಟು ತುಂಬುವ ಮೊದಲಿನಿಂದ ಲೇ ಅನ್ನುತ್ತ ಬಂದವಳಿಗೆ ದಯವಿಟ್ಟು!

ಸೂಜಿ ಮೂಳೆಗೆ ತಾಗಿತು. ಹೊರಗೆ ತೆಗೆದು, ಸ್ವಲ್ಪ ಮೇಲೆ ನೋಡಿದೆ. ಮತ್ತೆ ಮೂಳೆ. ಅವಳ ಬೆನ್ನು ಹಲಗೆಯಾಗಿತ್ತು. ನೋವು ಬಂದಾಗಲೆಲ್ಲ ಅವಳು ಸಿಸ್ಟರ್ ತೋಳು ಹಿಡಿದು ಉಸಿರು ಕಟ್ಟುತ್ತಿದ್ದಳು. ಸರ್ ಗ್ಲೋವ್ಸ್ ಹಾಕಿದ ಕೈಗಳನ್ನು ಎದೆಯ ಮುಂದೆ ಹಿಡಿದು ಕಾಯುತ್ತಿದ್ದರು. ಆ ಕೋಣೆಯಲ್ಲಿ ಅಷ್ಟು ನಿಶ್ಶಬ್ದವನ್ನು ನಾನು ಕೇಳಿಯೇ ಇರಲಿಲ್ಲ. ಬರೀ ಎಂಬಿಬಿಎಸ್ ಎಂದು ನನಗೆ ನಾನೇ ಅಂದುಕೊಂಡೆ. ಬೇರೆ ಯಾರು ಅಂದಾಗಲೂ ಅಷ್ಟು ನಾಟಿರಲಿಲ್ಲ.

ಅವಳು ತಲೆ ತಗ್ಗಿಸಿಕೊಂಡೇ, ಹಲ್ಲು ಕಚ್ಚಿ, "ಲೇ," ಅಂದಳು. "ಯಾಕ ಸುಮ್ಮನ ನಿಂತಿ? ಬಾಯಿ ಬಿದ್ದೋಗ್ಯಾದೇನು ನಿಂದು?"

"ಸೂಜಿ ಹೋಗವಲ್ದು," ಅಂದೆ.

"ಹೆಂಗ ಹೋದೀತು? ಎಲ್ಲರಿಗೂ ಮಾಡ್ದಂಗ ಮಾಡು. ಕುಂದ್ರು ಮೊದಲ. ನನಗ ಊರು ಕೇಳು."

ಸ್ಟೂಲ್ ಎಳೆದುಕೊಂಡು ಕುಳಿತೆ. ಟ್ರೇ ಬಲಕ್ಕೆ ಇಡಿಸಿದೆ. ಅವಳ ಬೆನ್ನು ನನ್ನ ಕಣ್ಣಿನ ಸಮಕ್ಕೆ ಬಂತು. ದಿನಾ ನೋಡುವುದು ಹೀಗೆಯೇ ಅಲ್ಲವೇ.

"ಯಾ ಊರವ್ವಾ ನಿಂದು?" ಅಂದೆ.

"ಮಾನ್ವಿರಿ."

"ಮುಂಜಾನಿ ಏನ್ ಉಂಡಿ?"

"ಖಿಚಡಿ, ಖಟ್ಟಾ."

"ಖಟ್ಟಾಕ್ಕ ಏನೇನ್ ಹಾಕ್ತೀರಿ ನೀವು?"

"ಹುಣಸಿಹಣ್ಣು ನೆನಿ ಹಾಕಬೇಕು..." ಒಂದು ನೋವು ಬಂದು ಹೋಯಿತು. "ಎಳ್ಳು, ಶೇಂಗಾ ಹುರದು ಕುಟ್ಟಬೇಕು. ಹಸಿ ಉಳ್ಳಾಗಡ್ಡಿ ಸಣ್ಣಗ..."

"ಬೆಲ್ಲ?"

"ಬೆಲ್ಲ ಹಾಕಿದ್ರ ಅಮ್ಮಿ ಬಡೀತಾಳ," ಅಂದಳು. ಹಾಗೆನ್ನುತ್ತ ನಕ್ಕಳು. ನಕ್ಕಾಗ ಬೆನ್ನು ಸಡಿಲವಾಯಿತು, ಸೂಜಿ ಸದ್ದಿಲ್ಲದೆ ಒಳಗೆ ಸರಿಯಿತು. ಅದರ ಹೊರತುದಿಯಲ್ಲಿ ತಿಳಿನೀರಿನ ಒಂದು ಹನಿ ಮೂಡಿತು. ಸರಿಯಾದ ಜಾಗಕ್ಕೆ ಬಂದಿದ್ದೇನೆಂದು ಅದೇ ಗುರುತು. ಔಷಧಿ ಕೊಟ್ಟು ಸೂಜಿ ತೆಗೆದು ಅವಳನ್ನು ಮಲಗಿಸಿದೆವು. ಸ್ಪಿರಿಟ್ ಹತ್ತಿ ಹೊಟ್ಟೆಯ ಮೇಲೆ ಮುಟ್ಟಿಸಿ, "ತಣ್ಣಗ ಹತ್ತತದೇನು?" ಅಂದೆ. ಇಲ್ಲ ಅಂದಳು. ನಾನು ಸರ್ ಕಡೆ ನೋಡಿ ತಲೆಯಾಡಿಸಿದೆ.

ಈ ಸಲ ಪರದೆಯ ಇತ್ತ, ನನ್ನ ಕಡೆ, ಅವಳಿದ್ದಳು. ಇದು ಅವಳಿಗೆ ಸರಿಬರಲಿಲ್ಲ. ಮಾನಿಟರಿನ ಕಡೆ ಕತ್ತು ತಿರುಗಿಸಿ, "ಬಿ.ಪಿ. ಇಳೀಲಿಕತ್ತದ ನಂದು, ಔಷಧಿ ಕೊಡು," ಎಂದು ನನಗೇ ಆರ್ಡರ್ ಮಾಡಿದಳು. ಆಗಲೇ ಕೊಟ್ಟಾಗಿತ್ತು. "ಪೇಷಂಟ್ ಪೇಷಂಟ್ ಇದ್ದಂಗ ಇರಬೇಕು," ಅಂದೆ. "ಸರ್, ಸ್ವಲ್ಪ ಕೆಳಗ ಕೊಯ್ರಿ," ಎಂದು ಪರದೆಯಾಚೆಗೂ ಸಲಹೆ ಹೋಯಿತು. ಸರ್ ಮಾಸ್ಕಿನೊಳಗೆ ನಕ್ಕರು. "ಮೇಡಂ, ನಾ ಕೊಯ್ಯಾಕ ಹತ್ತಿದಾಗ ನೀವಿನ್ನೂ ಸಾಲಿಗೆ ಹೋಗಾಕತ್ತಿದ್ದಿರಿ," ಅಂದರು. ಕೋಣೆ ಮತ್ತೆ ನಮ್ಮ ಕೋಣೆಯಾಯಿತು.

ಮಗುವಿನ ಕಾಲು ಮೊದಲು ಬಂತು, ಆಮೇಲೆ ಮೈ, ಕೊನೆಗೆ ತಲೆ. ಸಿಸ್ಟರ್ ಹೆಣ್ಣು ಅಂದರು. ಮಗು ಅಳಲಿಲ್ಲ.

ಕಾಲು ಮೊದಲಾಗಿ ಬಂದ ಮಕ್ಕಳು ಕೆಲವೊಮ್ಮೆ ತಡವಾಗಿ ಅಳುತ್ತವೆ, ನನಗೆ ಗೊತ್ತು, ಅವಳಿಗೂ ಗೊತ್ತು. ಮೂಲೆಯ ಬೆಚ್ಚನೆಯ ದೀಪದ ಕೆಳಗೆ ಸಿಸ್ಟರ್ ಮಗುವಿನ ಬೆನ್ನು ಉಜ್ಜುವ ಸದ್ದು ಕೇಳುತ್ತಿತ್ತು. ಅವಳು ಆ ಕಡೆ ತಿರುಗಲು ನೋಡಿದಳು, ಆಗಲಿಲ್ಲ. ನನ್ನ ಕೈ ಹುಡುಕಿ ಹಿಡಿದಳು.

"ಯಾಕ ಅಳವಲ್ದು?" ಅಂದಳು. ಅದು ಡಾಕ್ಟರ್ ಕೇಳುವ ಪ್ರಶ್ನೆಯಾಗಿರಲಿಲ್ಲ. ನಾನು ಆ ಜಾಗದಲ್ಲಿ ನಿಂತು ಎಷ್ಟೋ ತಾಯಂದಿರಿಂದ ಕೇಳಿದ ಪ್ರಶ್ನೆ. "ಅಳ್ತದ ತಡಿ," ಎಂದು ಎಲ್ಲರಿಗೂ ಹೇಳುವುದನ್ನೇ ಅವಳಿಗೂ ಹೇಳಿದೆ. ಹೇಳುವಾಗ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಕಾಲೇಜಿನ ಫಲಿತಾಂಶಗಳ ದಿನ ನಾನು ಹೇಳಿದ ಸುಳ್ಳುಗಳನ್ನೆಲ್ಲ ಒಂದು ನೋಟದಲ್ಲಿ ಹಿಡಿದವಳು ಅವಳು. ನಾನು ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಅವಳು ಅಲ್ಲೇ ಒಡೆದುಹೋಗುತ್ತಿದ್ದಳು.

ಮಗು ಒಮ್ಮೆ ಕೆಮ್ಮಿತು. ಆಮೇಲೆ ಕಟ್ಟಡವೇ ಹಾರಿಹೋಗುವ ಹಾಗೆ ಅಳಲು ಶುರು ಮಾಡಿತು. ಹೊರಗೆ ಬಾಗಿಲ ಹತ್ತಿರ ಅಮ್ಮಿ ಜೋರಾಗಿ ದೇವರನ್ನು ನೆನೆದದ್ದು ಒಳಗೇ ಕೇಳಿಸಿತು. ಸರ್, "ಬಾಯಿ ತಾಯಿದೇ ಅದ," ಅಂದರು. ಸಿಸ್ಟರ್ ಅಳುತ್ತಿದ್ದರು, ನಾನೂ ಅಳುತ್ತಿದ್ದೆ, ಆದರೂ ಬಿ.ಪಿ. ನೋಡುತ್ತಿದ್ದೆ. ಅವಳೊಬ್ಬಳೇ ಅಳಲಿಲ್ಲ. ತುಟಿ ಒಣಗಿತ್ತು. ಇಷ್ಟು ವರ್ಷ ಬೇರೆಯವರ ಮಕ್ಕಳನ್ನು ಎತ್ತಿ ತೋರಿಸಿದ ಆ ಹೆಂಗಸು, ಪೆದ್ದು ಹುಡುಗಿಯ ಹಾಗೆ ನನ್ನ ಕೈ ಜಗ್ಗಿ ಕೇಳಿದಳು:

"ಲೇ, ಚಂದ ಅದಾಳೇನು?"

"ಭಾಳ ಚಂದ ಅದಾಳ," ಅಂದೆ.

ಮಗುವನ್ನು ನಾನಿನ್ನೂ ನೋಡಿಯೇ ಇರಲಿಲ್ಲ. ಅಷ್ಟು ಹೊತ್ತೂ ನಾನು ನೋಡುತ್ತಿದ್ದದ್ದು ಇವಳನ್ನೇ.